ತವೊಂಗ ಮೇಡಂ ತುಂಬಿಸಿದ ಗೋಡೆ

ತವೊಂಗಳ ಹೆಸರನ್ನು ನಾನು ಮೊದಲು ಕೇಳಿದ್ದು ಹಿಟ್ಟಿನ ಗಿರಣಿಯಲ್ಲಿ, ಸರದಿಗೆ ಕಾಯುತ್ತಿದ್ದಾಗ. ಶಾಲೆಗೆ ಮರಗೆಲಸ ಕಲಿಸಲು ಒಬ್ಬ ಮೇಡಂ ಬಂದಿದ್ದಾಳೆ, ಒಂದು ಸುತ್ತಿಗೆಯೂ ಇಲ್ಲದ ಕೋಣೆಯ ಗೋಡೆಯ ಮೇಲೆ ಗರಗಸ, ಉಳಿಗಳ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿಟ್ಟಿದ್ದಾಳೆ ಎಂದು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

"ನಾಳೆ ಗೋಡೆ ಮೇಲೆ ಕೋಳಿ ಬರ್ದು ಸಾರು ಮಾಡ್ತಾಳೆ, ನೋಡ್ತಿರಿ!"

ನಾನೂ ನಕ್ಕೆ. ಮರುದಿನ ನೋಡಲೆಂದೇ ಹೋದೆ. ಎತ್ತರದ ಹೆಂಗಸು, ಕಿವಿಯ ಮೇಲೆ ಪೆನ್ಸಿಲ್.

"ನಗೋಕೆ ಬಂದ್ರಾ ಅಜ್ಜಿ? ನಕ್ಬಿಡಿ. ಜಾಗ ಮಾಡಿಟ್ರೆ ತಾನೇ ಏನೇನು ಇಲ್ಲ ಅಂತ ಗೊತ್ತಾಗೋದು?"

ಶಾಲೆಗೆ ರಜೆ ಬೀಳುವ ಮೊದಲು ಜಿಲ್ಲೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಷ್ಟರಲ್ಲಿ ಗೋಡೆಯ ಆ ಆಕಾರಗಳ ಮೇಲೆಲ್ಲ ಸಾಮಾನು ತುಂಬದಿದ್ದರೆ ಮರಗೆಲಸದ ತರಗತಿ ಮುಚ್ಚಿ, ಕೋಣೆಯಲ್ಲಿ ಜೋಳದ ಮೂಟೆ ಪೇರಿಸುವುದೆಂದು ಹೆಡ್‌ಮಾಸ್ತರರು ಹೇಳಿಯಾಗಿತ್ತು.

ಅವಳು ಮನೆಮನೆಗೆ ಹೋದಳು. ಹಿಡಿ ಇಲ್ಲದ ಸುತ್ತಿಗೆಗಳಿಗೆ ಮಕ್ಕಳಿಂದ ಹಿಡಿ ಕೆತ್ತಿಸಿದಳು. ಸಂತೆಯ ಕಮ್ಮಾರನ ಪಕ್ಕದಲ್ಲೇ ಕೂತು, ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳಿಂದ ಉಳಿ ಮಾಡಿಸಿದಳು. ಆದರೆ ಒಳ್ಳೆಯ ಗರಗಸ, ಮರ ನುಣುಪು ಮಾಡುವ ಉಜ್ಜುಗೊರಡು ಎಲ್ಲೂ ಸಿಗಲಿಲ್ಲ. ಅವು ಇದ್ದದ್ದು ನನ್ನ ಮನೆಯಲ್ಲಿ. ಬಡಗಿಯಾಗಿದ್ದ ನನ್ನ ಗಂಡ ಬಿಸ್ವಿಕ್ ತೀರಿಕೊಂಡ ಮೇಲೆ ಅವನ ಸಾಮಾನಿನ ಟ್ರಂಕು, ನಾದಿನಿ ಬಂದು ಒಯ್ಯಲೆಂದು, ಮೂಲೆಯಲ್ಲೇ ಇತ್ತು.

ನಮ್ಮಲ್ಲಿ ಸತ್ತವನ ಸಾಮಾನು ಅವನ ಅಕ್ಕತಂಗಿಯರ ಕಡೆಗೆ ಸೇರಬೇಕು. ತವೊಂಗ ಉತ್ತರದ ರುಂಫಿ ಜಿಲ್ಲೆಯವಳು, ಅಲ್ಲಿ ಅಪ್ಪನದು ಮಗನಿಗೆ. ಹಾಗಾಗಿ ನಾನು ಹೊಲಕ್ಕೆ ಹೋಗಿದ್ದಾಗ ಬಂದು ನನ್ನ ಮಗ ಲಫುಕೇನಿಯನ್ನು ಕೇಳಿದಳು. ಸೋದರತ್ತೆ ಎನಿಫಾಳ ಒಪ್ಪಿಗೆ ಪಡೆದೇ ಬಂದಿರಬೇಕು ಎಂದುಕೊಂಡು ಅವನು ಟ್ರಂಕನ್ನು ಎತ್ತಿಕೊಟ್ಟ.

ಸುದ್ದಿ ಹಳ್ಳ ದಾಟಿತು. ನಾದಿನಿ ಎನಿಫಾ ಬಿಸಿಲಲ್ಲೇ ಬಂದಳು.

"ಅತ್ತಿಗೆ, ನಮ್ಮಣ್ಣನ ಟ್ರಂಕು ಎಲ್ಲಿ? ಊರಿಗೆ ದಾನ ಮಾಡೋಕೆ ನಿನ್ನ ಮಗ ಯಾರು?"

"ನನ್ನನ್ನ ಕೇಳ್ಬೇಡ, ಆ ಮೇಡಂನ ಕೇಳು ಬಾ," ಎಂದು ಶಾಲೆಗೆ ಕರೆದುಕೊಂಡು ಹೋದೆ.

ವಿಷಯ ಕೇಳಿದ್ದೇ ತವೊಂಗ ಗೋಡೆಯಿಂದ ಒಂದೊಂದೇ ಸಾಮಾನು ಇಳಿಸಿ ಟ್ರಂಕಿಗೆ ಹಾಕಿದಳು. ಆಮೇಲೆ ಮಕ್ಕಳೆದುರಿಗೇ ಎನಿಫಾಳ ಮುಂದೆ ಮಂಡಿಯೂರಿದಳು.

"ಲಫುಕೇನಿಗೆ ಬೈಬೇಡಿ ಅಮ್ಮಾ, ತಪ್ಪು ನಂದು. ನಮ್ಮ ಕಡೆ ರೂಢೀನೇ ಇಲ್ಲೂ ಅನ್ಕೊಂಡ್ಬಿಟ್ಟೆ. ಈಗ ಕೇಳ್ಬೇಕಾದವರನ್ನೇ ಕೇಳ್ತಿದೀನಿ. ಕೊಡ್ತೀರಾ?"

"ಕೊಡಲ್ಲ ಅಂದ್ರೆ?"

"ಟ್ರಂಕು ನಿಮ್ಮನೆವರೆಗೂ ನಾನೇ ಹೊತ್ಕೊಂಡು ಬರ್ತೀನಿ. ನಾಳೆ ಮತ್ತೆ ಕೇಳೋಕೆ ಬರ್ತೀನಿ. ನಾಡಿದ್ದೂ ಬರ್ತೀನಿ. ಬಂದಾಗೆಲ್ಲ ಒಂದು ಕೊಡ ನೀರು ತಂದು ಹಾಕ್ತೀನಿ."

ಎನಿಫಾ ನಗು ತಡೆಯಲು ಬೇರೆ ಕಡೆ ತಿರುಗಿದಳು. "ನಾಚಿಕೆ ಇಲ್ದೋಳು!" ಎಂದಳು. ಆಮೇಲೆ ಅವಳ ದನಿ ತಗ್ಗಿತು. "ನಮ್ಮ ಮನೇಲಿ ಯಾರು ಸತ್ರೂ ಅಣ್ಣನೇ ಶವಪೆಟ್ಟಿಗೆ ಮಾಡ್ತಿದ್ದ. ಇವೇ ಗರಗಸ, ಇವೇ ಉಳಿ. ಇನ್ಮೇಲೆ ಯಾರು ಮಾಡ್ತಾರೆ?"

"ಈ ಮಕ್ಕಳು ಮಾಡ್ತಾರೆ."

"ಹೆಣ್ಮಕ್ಕಳೂ ಇದಾರಲ್ಲ?"

"ಗೆರೆ ತಪ್ಪದ ಹಾಗೆ ಕುಯ್ಯೋರು ಅವರೇ ಅಮ್ಮಾ."

ಎನಿಫಾ ಉಜ್ಜುಗೊರಡನ್ನು ಎತ್ತಿ ಅದರ ಅಲಗಿನ ಮೇಲೆ ಬೆರಳಾಡಿಸಿದಳು. ತುಕ್ಕು ಹೋಗಿ ಹರಿತವಾಗಿತ್ತು. "ಇಲ್ಲೇ ಇರ್ಲಿ," ಎಂದಳು. "ಆದ್ರೆ ಇದು ನಮ್ಮದು. ನಮ್ಮನೇಲಿ ಸಾವಾಗಿ ಕರೆದಾಗ ಈ ಮಕ್ಕಳು ಬರ್ಬೇಕು."

"ಬರ್ತಾರೆ. ಇದು ನನ್ನ ಮಾತು."

ಜಿಲ್ಲೆಯ ಸಾಹೇಬರು ಬಂದಾಗ ಗೋಡೆಯಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ. ತರಗತಿ ಉಳಿಯಿತು. ಅಲ್ಲಿ ಕಲಿತ ಹುಡುಗಿಯರು ಮಾಡಿದ ಬೆಂಚುಗಳ ಮೇಲೆ ಈಗ ಇಡೀ ಶಾಲೆ ಕೂರುತ್ತದೆ.

ಕೆಲವು ವರ್ಷಗಳ ನಂತರ ತವೊಂಗಳಿಗೆ ಉತ್ತರಕ್ಕೇ ವರ್ಗವಾಯಿತು. ಎನಿಫಾ ಆಗಲೇ ಹಾಸಿಗೆ ಹಿಡಿದಿದ್ದಳು. ಬಸ್ಸಿಗೆ ಹೊರಟ ತವೊಂಗ ನನ್ನ ಅಂಗಳಕ್ಕೆ ಬಂದು ನನ್ನೆರಡೂ ಕೈ ಹಿಡಿದುಕೊಂಡಳು.

"ಎನಿಫಾ ಅಮ್ಮಂಗೆ ಪೆಟ್ಟಿಗೆ ಮಾಡೋ ದಿನ ನಾನಿರಲ್ಲ ಅಜ್ಜಿ. ಹುಡುಗೀರು ಗರಗಸ ಹಿಡಿದ್ರೆ, ಇದು ಗಂಡಸರ ಕೆಲಸ ಅಂತ ಯಾರಾದ್ರೂ ಅಡ್ಡ ಬಂದೇ ಬರ್ತಾರೆ. ನೀವು ಮರಗೆಲಸದ ಕೋಣೆ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸ್ಕೊಂಡು ಕೂತ್ಬಿಡಿ, ನಿಮ್ಮನ್ನ ದಾಟ್ಕೊಂಡು ಯಾರೂ ಒಳಗೆ ಬರಲ್ಲ. ಕೊನೇ ಮೊಳೆ ಹೊಡೆಯೋವರೆಗೂ ಏಳ್ಬೇಡಿ."