ಹುಲಿಯಮ್ಮ ದೊಡ್ಡಮ್ಮನ ಮೀನಿನ ಹರಕೆ

ಸೋಬಾನೆ ಹಾಡಲು ನಮ್ಮ ಹೊಸನಗರದ ಕಡೆ ಹುಲಿಯಮ್ಮ ದೊಡ್ಡಮ್ಮನನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಅವಳು ಬಾಯಿ ತೆರೆದರೆ ಬೀಗರು ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಳ್ಳಬೇಕು, ಅಂಥ ಕೀಟಲೆ! ಅಂಥವಳ ಗಂಟಲು ಅರವತ್ತೈದನೇ ಇಸವಿಯಲ್ಲಿ ಊದಿಕೊಂಡಿತು. ದನಿ ಒಡೆಯಿತು. ಬಿಸಿಲಲ್ಲೂ ಕಂಬಳಿ ಹೊದ್ದು, ರೊಟ್ಟಿ ತಟ್ಟುತ್ತಲೇ ತೂಕಡಿಸುತ್ತಿದ್ದಳು.

ನನಗೋ ಮುಂದಿನ ವೈಶಾಖದಲ್ಲಿ ಮದುವೆ. ಬೇರೆ ಊರಿನ ಹಾಡುಗಾರ್ತಿಯರನ್ನು ಕರೆಸೋಣ ಎಂದು ಅಪ್ಪ ಅಂದಾಗ ಮೈಯೆಲ್ಲ ಉರಿದುಹೋಯಿತು. “ದೊಡ್ಡಮ್ಮ ಹಾಡ್ದೇ ಇದ್ರೆ ನಾನು ಹಸೆ ಮೇಲೆ ಕೂರೋದೇ ಇಲ್ಲ!” ಎಂದುಬಿಟ್ಟೆ.

ದೀಪಾವಳಿ ಕಳೆದ ಮೇಲೆ ಅವಳ ಗಂಡ ಭೂತಪ್ಪ ದೊಡ್ಡಪ್ಪ ನಮ್ಮಿಬ್ಬರನ್ನೂ ಸಾಗರದ ಡಾಕ್ಟರ ಬಳಿಗೆ ಕರೆದೊಯ್ದ. ಅವರು ಗಂಟಲು ಮುಟ್ಟಿ ನೋಡಿ, “ಥೈರಾಯ್ಡ್ ಗ್ರಂಥಿ ಸೋತಿದೆ. ಅದಕ್ಕೆ ಅಯೋಡಿನ್ ಅನ್ನೋ ಖನಿಜ ಬೇಕು, ಘಟ್ಟದ ಮೇಲಿನ ಊಟದಲ್ಲಿ ಅದು ಕಮ್ಮಿ. ಮೊದಲು ಸಮುದ್ರದ ಮೀನು ತಿನ್ನಿ, ಆಮೇಲೆ ನೋಡೋಣ” ಎಂದರು.

ದೊಡ್ಡಪ್ಪ ಹಣೆ ಬಡಿದುಕೊಂಡ. “ಅಯ್ಯೋ ಡಾಕ್ಟ್ರೇ, ದನಿ ಬರೋವರ್ಗೂ ಮೀನು ಮುಟ್ಟಲ್ಲ ಅಂತ ಚೌಡಿಗೆ ಹರಕೆ ಹೊತ್ತಾಳಲ್ರೀ!”

ಮೀನಿಲ್ಲದೆ ದನಿಯಿಲ್ಲ, ದನಿಯಿಲ್ಲದೆ ಮೀನಿಲ್ಲ! ಡಾಕ್ಟರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಮಾತ್ರ ಅಳು ಬಂತು.

ಬಸ್ಸಿಳಿದವಳೇ ದೊಡ್ಡಮ್ಮ ನೇರ ಚೌಡಿ ಬನಕ್ಕೆ ನಡೆದಳು. “ತಾಯೀ, ನೀನೂ ಹೆಂಗ್ಸು, ಅರ್ಥ ಮಾಡ್ಕ. ಮೀನು ತಿಂತೀನಿ. ಅದ್ರ ಬದ್ಲು ಕವಳ ಬಿಡ್ತೀನಿ” ಎಂದು ಎಲೆಯಡಿಕೆ ಚೀಲವನ್ನು ಅಲ್ಲೇ ಕೊಂಬೆಗೆ ಸಿಕ್ಕಿಸಿದಳು. ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಕವಳ ಹಾಕುತ್ತಿದ್ದವಳು! ಅಂದಿನಿಂದ ವಾರವಾರವೂ ದೊಡ್ಡಪ್ಪ ಸಂತೆಯಿಂದ ಒಣ ಬಂಗುಡೆ ಮೀನು ತಂದ.

ಶಿವರಾತ್ರಿ ಕಳೆದು ಒಂದು ಬೆಳಿಗ್ಗೆ ಅವನು ನಮ್ಮ ಅಂಗಳಕ್ಕೆ ಓಡಿಬಂದ. “ಬೈತಾಳೆ ಕಣೇ, ಬೈತಾಳೆ! ಮೂರು ಮನೆಗೆ ಕೇಳೋ ಹಂಗೆ ಬೈತಾಳೆ!” ನಾನು ಕೈಯಲ್ಲಿದ್ದ ಕೊಡ ಬಿಸಾಕಿ ಕುಣಿದೆ.

ಮದುವೆಯಲ್ಲಿ ಬೀಗರ ಮಾನ ಉಳಿಯಲಿಲ್ಲ. ಗಂಟಲಿನ ಊತ ಇನ್ನೂ ಸ್ವಲ್ಪ ಇತ್ತು, ದನಿಗೆ ಮಾತ್ರ ಅದರ ಹಂಗಿರಲಿಲ್ಲ. ಕೊನೆಗೆ ಹೆಣ್ಣೊಪ್ಪಿಸುವ ಹಾಡು. ನೆರೆದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ನನ್ನ ಕೆನ್ನೆ ಹಿಡಿದು ದೊಡ್ಡಮ್ಮ ದನಿಯೆತ್ತಿದಳು ನೋಡಿ, ಘಮ್ಮೆಂದು ಬಂಗುಡೆ ವಾಸನೆ! ತಡೆಯಲಾಗದೆ ಗೊಳ್ಳೆಂದು ನಕ್ಕುಬಿಟ್ಟೆ. ತವರು ಬಿಡುವಾಗ ನಗುವ ನಾಚಿಕೆಗೆಟ್ಟ ಹುಡುಗಿ ಎಂದು ಗಂಡನ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಾಡಿದ್ದು ನನ್ನ ದೊಡ್ಡಮ್ಮ.