ಮೂರನೇ ಸಾಲಿನ ಮುನಿಯಮ್ಮತ್ತೆ

ಮುನಿಯಮ್ಮತ್ತೆ ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿಲ್ಲ. ಎಂಥ ಮೆತ್ತನೆಯ ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂರುವರು. ತೊಡೆಯ ಮೇಲೆ ವೈರಿನ ಬ್ಯಾಗು, ಕಣ್ಣು ಬಾಗಿಲ ಕಡೆ. ಮದುವೆಮನೆಯಲ್ಲಿ ಎಲೆ ಹಾಕುವ ಮೊದಲೇ "ಹೊರಡಣ ಏನಪ್ಪ?" ಎಂದು ಕೇಳುವರು. ಅರ್ಧ ಆಯುಸ್ಸು ರೇಷ್ಮೆ ಹುಳು ಸಾಕಿದವರು ಹೀಗೇ ಆಗುತ್ತಾರೋ ಏನೋ. ಕೊನೆಯ ವಾರ ಹುಳುಗಳಿಗೆ ಹಗಲಿರುಳು ಸೊಪ್ಪು ಹಾಕಬೇಕು, ಒಂದು ಹೊತ್ತು ತಪ್ಪಿದರೂ ಬೆಳೆ ಕೈಬಿಟ್ಟಂತೆ. ಹುಳು ಸಾಕುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾದ ಮೇಲೂ ಅತ್ತೆ ಮಾತಿನ ನಡುವೆ ಥಟ್ಟನೆ ಎದ್ದು ಒಳಗೆ ಹೋಗಿ, ಯಾಕೆ ಬಂದೆ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದರು.

ಅವರು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಗೆ ಬಂದವರು. ನನ್ನನ್ನೂ ನನ್ನ ತಮ್ಮ ಮಂಜುವನ್ನೂ ಎತ್ತಿ ಬೆಳೆಸಿದವರು ಅವರೇ. ಯಾವ ಗಾಡಿಯಲ್ಲಿ ಹೋದರೂ ಅವರ ಜಾಗ ಕೊನೆಯ ಸಾಲು. ಯಾರೂ ಹಾಗೆಂದು ಹೇಳುತ್ತಿರಲಿಲ್ಲ. ಚೀಲಗಳು, ವಾಂತಿ ಮಾಡುವ ಮಕ್ಕಳು, ಅತ್ತೆ, ಎಲ್ಲ ಹಿಂದಕ್ಕೆ. ನಾವು ಸಂಕೋಚಪಟ್ಟರೆ "ಪೋನಿ ಬಿಡಪ್ಪ, ಎಲ್ರೂ ಹೋಗೋದು ಒಂದೇ ಊರಿಗಲ್ವಾ" ಅನ್ನುವರು. ಹೋಗಲಿ ಅನ್ನುವುದಕ್ಕೆ ಅವರ ಬಾಯಲ್ಲಿ ಯಾವಾಗಲೂ ತೆಲುಗಿನ ಪೋನಿಯೇ.

ಒಮ್ಮೆ ಬಾಗೇಪಲ್ಲಿಯ ಮದುವೆಗೆ ಬಾಡಿಗೆ ಗಾಡಿಯಲ್ಲಿ ಹೊರಟಿದ್ದೆವು. ಪೆರೇಸಂದ್ರದಲ್ಲಿ ಕಾಫಿಗೆ ನಿಲ್ಲಿಸಿದರು. ಆ ಗಾಡಿಯಲ್ಲಿ ಮಧ್ಯದ ಸೀಟನ್ನು ಮಡಚಿದರೆ ಮಾತ್ರ ಹಿಂದಿನವರು ಇಳಿಯಬಹುದು. ಮಡಚಬೇಕಾದ ಸೀಟಿನಲ್ಲಿ ಕೂತಿದ್ದವನು ನಾನು. ಫೋನಿನಲ್ಲಿ ಮಾತಾಡುತ್ತಾ ಇಳಿದೆ, ಬಾಗಿಲು ತಳ್ಳಿ ಹೋದೆ. ಕಾಫಿಯಾಯಿತು, ವಡೆಯಾಯಿತು, ಇನ್ನೊಂದು ಕಾಫಿಯೂ ಆಯಿತು. ವಾಪಸು ಬಂದು ನೋಡಿದರೆ ಅತ್ತೆ ಮುಚ್ಚಿದ ಗಾಡಿಯ ಹಿಂದಿನ ಮೂಲೆಯಲ್ಲಿ, ರವಿಕೆ ಪೂರ್ತಿ ಬೆವರಿನಿಂದ ತೊಯ್ದು, ಬ್ಯಾಗು ಹಿಡಿದು ಕೂತಿದ್ದಾರೆ. ಗಾಜು ಬಡಿದಿರಲಿಲ್ಲ, ಕೂಗಿಯೂ ಇರಲಿಲ್ಲ. "ಏನಿಲ್ಲ ಕಣಪ್ಪ, ಕೂತಿದ್ದೆ" ಎಂದರು.

ಅಂದಿನಿಂದ ಅವರು ಎಲ್ಲಿಗೆ ಹೋದರೂ ಬಸ್ಸಿನಲ್ಲೇ. ನಮಗಿಂತ ಮೊದಲೇ ತಲುಪಿ ಛತ್ರದ ಬಾಗಿಲಲ್ಲಿ ನಿಂತಿರುತ್ತಿದ್ದರು. ಅತ್ತೆಗೆ ಬಸ್ಸಿನ ಹುಚ್ಚು ಎಂದು ಮನೆಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ತಪ್ಪಾಯಿತು ಅನ್ನುವ ಒಂದು ಮಾತಿಗೆ ನನಗೆ ಬಾಯಿ ಬರಲಿಲ್ಲ.

ಹೋದ ವರ್ಷ ನಾವೇ ಒಂದು ಮೂರು ಸಾಲಿನ ಗಾಡಿ ಕೊಳ್ಳುವುದೆಂದಾಯಿತು. ಮನೆಯಲ್ಲಿ ಏಳು ಜನ: ನಾನು, ಹೆಂಡತಿ, ಇಬ್ಬರು ಮಕ್ಕಳು, ಮಂಜು, ಅವನ ಹೆಂಡತಿ, ಅತ್ತೆ. ಮಂಜುವಿಗೆ ಮೈಲೇಜಿನ ಚಿಂತೆ, ಮಕ್ಕಳಿಗೆ ಸನ್‌ರೂಫ್ ಬೇಕು, ನನ್ನ ಹೆಂಡತಿಗೆ ಬಿಳಿ ಬಣ್ಣ ಬೇಡ. ನಾನಂತೂ ಯೂಟ್ಯೂಬ್ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಜಾಲಾಡುತ್ತಿದ್ದ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಒಂದೇ, ಅತ್ತೆ ಮತ್ತೆ ನಮ್ಮ ಜೊತೆ ಗಾಡಿ ಹತ್ತಬೇಕು. ಅದನ್ನು ಹೇಳದೆ "ನೀವೂ ನೋಡೋಕೆ ಬನ್ನಿ ಅತ್ತೆ" ಎಂದೆ. "ಗಾಡಿ ವಿಚಾರ ನಂಗೇನ್ ಗೊತ್ತಪ್ಪ" ಎಂದವರು, ನಾನೂ ಮಂಜುವೂ ಚಪ್ಪಲಿ ಹಾಕುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದರು.

ಚಿಕ್ಕಬಳ್ಳಾಪುರದ ಶೋರೂಮಿನವರು ಬಾನೆಟ್ ಎತ್ತಿ ಎಂಜಿನ್ ವರ್ಣಿಸುತ್ತಿದ್ದರೆ, ಅತ್ತೆ ಹಿಂದಿನ ಸಾಲಿಗೆ ಹತ್ತಿಬಿಟ್ಟಿದ್ದರು. "ಈಗ ಮುಂದಿನ್ ಸೀಟು ನಿಲ್ಸಿ ಬಾಗ್ಲಾಕಪ್ಪ. ಎಲ್ರೂ ದೂರ ಹೋಗಿ" ಎಂದರು. ಶೋರೂಮಿನವರು ನನ್ನ ಮುಖ ನೋಡಿದರು. ಅತ್ತೆ ಒಳಗಿನಿಂದ ಕೈ ಚಾಚಿದರು, ಸೀಟು ಮಡಚುವ ಹಿಡಿಕೆ ಸಿಗಲಿಲ್ಲ. ಗಾಜಿನ ಆಚೆಯಿಂದಲೇ ಬೇಡ ಎಂದು ಕೈಯಾಡಿಸಿದರು. ಇನ್ನೊಂದು ಶೋರೂಮಿನ ಗಾಡಿಯಲ್ಲಿ ಹಿಡಿಕೆ ಸಿಕ್ಕಿತು, ಎಳೆಯಲು ಅವರ ಮಣಿಕಟ್ಟಿನಲ್ಲಿ ಶಕ್ತಿ ಸಾಲಲಿಲ್ಲ. ಮೂರನೆಯದು ಚಿಂತಾಮಣಿಯಲ್ಲಿ. ಅದರ ಮಧ್ಯದ ಸಾಲಿನಲ್ಲಿ ಎರಡು ಬಿಡಿ ಸೀಟು, ನಡುವೆ ಓಡಾಡುವಷ್ಟು ಜಾಗ. ಅತ್ತೆ ಅಡ್ಡಡ್ಡವಾಗಿ ನುಸುಳಿ ಬಂದು, ತಾವೇ ಬಾಗಿಲು ತೆಗೆದು, ನೆಲಕ್ಕಿಳಿದು ಸೆರಗು ಸರಿಮಾಡಿಕೊಂಡರು.

"ಹುಳು ಮನೇಲಿ ತಟ್ಟೆ ಸಾಲಿನ್ ಮಧ್ಯೆ ದಾರಿ ಬಿಡಲ್ವಾ, ಹಂಗೈತೆ. ಇದ್ರಲ್ಲಿ ಯಾರು ಮರ್ತು ಹೋದ್ರೂ ಇಳ್ಕೋಬೌದು."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನನಗೆ ಮಾತ್ರ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಅತ್ತೆ, ಅವತ್ತು ಪೆರೇಸಂದ್ರದಲ್ಲಿ..." ಎಂದು ಶುರುಮಾಡಿದೆ.

"ಪೋನಿ ಬಿಡಪ್ಪ. ನಾನು ನೋಡಿದ್ದು ನನ್ಗಲ್ಲ. ನಾಳೆ ನಿನ್ ಹೆಂಡ್ತಿ ಕೂತ್ಕೊತಾಳೆ, ಮಂಜು ಹೆಂಡ್ತಿ ಕೂತ್ಕೊತಾಳೆ. ಹಿಂದಕ್ಕೆ ಹೆಂಗಸ್ರೇ ಅಲ್ವಾ."

ಅಷ್ಟರಲ್ಲಿ ಮಂಜು ಎಣಿಸಿದ. "ಅಣ್ಣ, ಇದ್ರಲ್ಲಿ ಆರೇ ಸೀಟು. ನಾವು ಏಳು ಜನ."

"ನಾನು ಬಸ್ಸಲ್ಲಿ ಬರ್ತೀನಲ್ಲ" ಎಂದರು ಅತ್ತೆ, ಒಂದು ಕ್ಷಣವೂ ತಡಮಾಡದೆ.

ನನಗೆ ರೇಗಿಹೋಯಿತು. "ಬಸ್ಸಲ್ಲಿ ಹೋಗೋದಾದ್ರೆ ನಾನು ಹೋಗ್ತೀನಿ. ಇದನ್ನೇ ಬುಕ್ ಮಾಡಿ" ಎಂದೆ. ಕೊನೆಗೆ ಮಂಜು, ತಾನು ಬೈಕಿನಲ್ಲಿ ಬರುತ್ತೇನೆ ಎಂದು ಒಪ್ಪಿಕೊಂಡ.

ಗಾಡಿ ಬಂದ ಮೇಲೆ ಮೊದಲು ಹೋದದ್ದು ಗೌರಿಬಿದನೂರಿಗೆ, ನೆಂಟರ ಗೃಹಪ್ರವೇಶಕ್ಕೆ. ಅತ್ತೆಯನ್ನು ಹಟ ಹಿಡಿದು ಮುಂದೆ, ನನ್ನ ಪಕ್ಕದಲ್ಲೇ ಕೂರಿಸಿದೆ. ಎಷ್ಟೋ ವರ್ಷದ ಭಾರ ಇಳಿದಂತಾಗಿತ್ತು ನನಗೆ. ಅವರೋ ಸೀಟಿನ ತುದಿಯಲ್ಲಿ ಕೂತು ನಿಮಿಷಕ್ಕೊಮ್ಮೆ ಹಿಂದೆ ತಿರುಗುತ್ತಿದ್ದರು. "ಮಂಜು ಕಾಣ್ತಾವ್ನಾ?" ಮತ್ತೆ ಸ್ವಲ್ಪ ದೂರಕ್ಕೆ, "ಈಗ ಕಾಣ್ತಾವ್ನಾ?" ಮಂಚೇನಹಳ್ಳಿ ಹತ್ತಿರ "ಒಂದ್ನಿಮ್ಷ ನಿಲ್ಸಪ್ಪ" ಎಂದರು. ಇಳಿದು, ರಸ್ತೆ ಬದಿಗೆ ನಿಂತು ಕೈ ಅಡ್ಡ ಹಿಡಿದು ಮಂಜುವಿನ ಬೈಕು ನಿಲ್ಲಿಸಿದರು.

"ಅವ್ನೊಬ್ನೇ ಬಿಸ್ಲಲ್ಲಿ ಬರ್ತಾವ್ನೆ. ನಾನಿಲ್ಲಿ ಎಸಿಲಿ ಹೆಂಗ್ ಕೂತ್ಕೊಳ್ಲಿ" ಎಂದು ಹೇಳಿ, ಬ್ಯಾಗು ಮಡಿಲಿಗಿಟ್ಟುಕೊಂಡು ಅವನ ಹಿಂದೆ ಒಂದೇ ಬದಿಗೆ ಕೂತು ಹೊರಟೇಬಿಟ್ಟರು. ಎಪ್ಪತ್ತು ದಾಟಿದ ಹೆಂಗಸು. ಗೌರಿಬಿದನೂರಿನವರೆಗೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೂ ಮೂರು ನಾಲ್ಕು ಸಲ ಹೋದೆವು, ಪ್ರತಿಸಲವೂ ಇದೇ ರಾಮಾಯಣ. ಅರ್ಧ ದಾರಿ ಕಾರು, ಅರ್ಧ ದಾರಿ ಬೈಕು. ಈ ಸಲದ ಮಳೆಗಾಲದಲ್ಲಿ ಅತ್ತೆ ಜ್ವರವೆಂದು ಮಲಗಿದರು, ನಾಲ್ಕನೆಯ ದಿನ ತೀರಿಕೊಂಡರು. ನಾನು ಶುರುಮಾಡಿದ್ದ ಆ ಮಾತು ಮುಗಿಸಲಾಗಲೇ ಇಲ್ಲ.

ಹೋದ ವಾರ ಎಲ್ಲರೂ ನಂದಿಗೆ ಹೊರಟೆವು. ಮಂಜು ಹೆಲ್ಮೆಟ್ ಹಾಕಿಕೊಂಡು, ಬೈಕಿನ ಕೀಲಿ ಹಿಡಿದು ಬಂದ. "ನೀವು ನಡೀರಿ ಅಣ್ಣ, ಹಿಂದೇನೇ ಬರ್ತೀನಿ" ಎಂದ. ಹಾಗೆಂದವನು ಗಾಡಿಯೊಳಗೆ ನೋಡಿದ. ಒಂದು ಸೀಟು ಖಾಲಿಯಿತ್ತು. ಹೆಲ್ಮೆಟ್ ತೆಗೆದು ಜಗಲಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಬಂದು ಹತ್ತಿ ಕೂತ.