ಭವ್ಯಳ ಅಂಕಪಟ್ಟಿ ತರಲು ಹೋದದ್ದು

2022ರಲ್ಲಿ ನಾನು ಉತ್ತರ ಕೊಡಗಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪಿಯುಸಿ ಮುಗಿಸಿದವರಿಗೆ ಮುಂದೆ ಏನು, ಎಲ್ಲಿ ಓದಬೇಕೆಂದು ತಿಳಿಸುವ ಕೆರಿಯರ್ ಗೈಡೆನ್ಸ್ ಹೊಣೆಯೂ ನನ್ನದೇ. ಆ ಹೊಣೆಯನ್ನು ನಾನು ಎಷ್ಟು ಕೆಟ್ಟದಾಗಿ ನಿಭಾಯಿಸಿದೆ ಎಂಬುದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಭವ್ಯ ಕೊಡ್ಲಿಪೇಟೆ ಕಡೆಯ ಹುಡುಗಿ. ತಂದೆ ತಿಮ್ಮೇಗೌಡರಿಗೆ ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ರಕ್ತದ ಗುಂಪು ಪತ್ತೆ ಮಾಡುವ ಪ್ರಾಕ್ಟಿಕಲ್‌ನಲ್ಲಿ ಪಕ್ಕದವಳ ಬೆರಳಿನಿಂದ ಒಂದು ಹನಿ ರಕ್ತ ಬಂದದ್ದನ್ನು ನೋಡಿಯೇ ಈಕೆ ಕುಸಿದು ಬಿದ್ದಿದ್ದಳು. ನೀರು ಚಿಮುಕಿಸಿ ಎಬ್ಬಿಸಿದವನು ನಾನೇ. ಅದೇ ಹುಡುಗಿ, ತಿಂಗಳುಗಟ್ಟಲೆ ಕೆಟ್ಟು ನಿಂತಿದ್ದ ಕಾಲೇಜಿನ ನೀರಿನ ಮೋಟಾರನ್ನು ಒಂದು ಮಧ್ಯಾಹ್ನ ಬಿಚ್ಚಿ, ಬೇರಿಂಗ್ ಬದಲಿಸಿ ಓಡಿಸಿದ್ದಳು. ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ನಿಂತರೂ ಅವಳದೇ ಕೈ. ಜಿಲ್ಲೆಯೊಳಗಿನ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಬೇಕೆಂಬುದು ಅವಳ ಆಸೆ. ಪಿಯುಸಿ ವಿಜ್ಞಾನ ಪಾಸಾದವರಿಗೆ ಅಲ್ಲಿ ಲ್ಯಾಟರಲ್ ಎಂಟ್ರಿ ಇದೆ. ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು.

ಫಲಿತಾಂಶ ಬಂದು ಕೆಲವು ವಾರಗಳಾಗಿದ್ದವು. ಒಂದು ಬುಧವಾರ ಬೆಳಿಗ್ಗೆ ಭವ್ಯ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಹಿಂದೆ ತಂದೆ.

"ಸಾರ್, ನನ್ ಒರಿಜಿನಲ್ ಮಾರ್ಕ್ಸ್ ಕಾರ್ಡ್ ನರ್ಸಿಂಗ್ ಕಾಲೇಜೋರು ಇಸ್ಕೊಂಡ್ ಹೋಗವ್ರೆ. ನಂಗೆ ನರ್ಸಿಂಗ್ ಬ್ಯಾಡ. ಶುಕ್ರವಾರ ಪಾಲಿಟೆಕ್ನಿಕ್‌ನಲ್ಲಿ ವೆರಿಫಿಕೇಶನ್ ಐತೆ."

ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಪ್ರತಿನಿಧಿ ಮನೆಗೇ ಬಂದಿದ್ದನಂತೆ. ಸೀಟು ಹಿಡಿದಿಡಬೇಕೆಂದು ಹೇಳಿ ಅಂಕಪಟ್ಟಿಗಳನ್ನು ಒಯ್ದಿದ್ದ. ತಿಮ್ಮೇಗೌಡರು ತಲೆ ತಗ್ಗಿಸಿ ಹೇಳಿದರು: "ಹೆಣ್ಣುಡ್ಗಿ ಗ್ರೀಸ್ ಬಳ್ಕೊಂಡ್ ನಿಂತ್ರೆ ಯಾರ್ ಸಾ ಮದ್ವೆ ಆಯ್ತಾರೆ ಅಂತ ಕೊಟ್ಬುಟ್ಟೆ. ಎಲ್ಡು ದಿನದಿಂದ ಅನ್ನ ಮುಟ್ಟಿಲ್ಲ ಇವ್ಳು."

ಗೌಡರನ್ನು ಕರೆದುಕೊಂಡು ಅಂದೇ ಹೊರಟೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಆ ಕಾಲೇಜಿನ ಆಫೀಸಿನಲ್ಲಿದ್ದೆವು. ಮ್ಯಾನೇಜರ್ ಕಾಫಿ ತರಿಸಿದ, ನಕ್ಕ, "ಡೈರೆಕ್ಟರ್ ಊರಲ್ಲಿಲ್ಲ, ಸೋಮವಾರ ಬನ್ನಿ" ಎಂದ. ಮೂಲ ಅಂಕಪಟ್ಟಿಯನ್ನು ಹೀಗೆ ಇಟ್ಟುಕೊಳ್ಳಲು ಯಾವ ಕಾಲೇಜಿಗೂ ಅಧಿಕಾರವಿಲ್ಲ ಎಂದೆ. ಅವನು ಮತ್ತೂ ನಕ್ಕು ಒಂದು ಫೈಲು ತೆರೆದು ನನ್ನ ಮುಂದೆ ಇಟ್ಟ.

"ಇಷ್ಟೊಂದು ಯಾಕೆ ಕೋಪ ಸರ್? ಲಿಸ್ಟ್ ಕೊಟ್ಟಿದ್ದು ನೀವೇ ಅಲ್ವಾ?"

ನಮ್ಮ ದ್ವಿತೀಯ ಪಿಯುಸಿಯ ಅಷ್ಟೂ ಮಕ್ಕಳ ಹೆಸರು, ತಂದೆಯ ಹೆಸರು, ಫೋನ್ ನಂಬರು. ಕೆಳಗೆ ಕಾಲೇಜಿನ ಮೊಹರು, ನನ್ನ ಸಹಿ. ಆ ಜನವರಿಯಲ್ಲಿ ಇವರು ನಮ್ಮಲ್ಲಿ ಮಾರ್ಗದರ್ಶನ ಶಿಬಿರ ನಡೆಸಿದ್ದರು. ಸ್ಕಾಲರ್‌ಶಿಪ್ ಮಾಹಿತಿ ಕಳಿಸುತ್ತೇವೆ ಎಂದು ಪಟ್ಟಿ ಕೇಳಿದ್ದರು. ಯಾವ ಮಗುವಿಗೆ ಏನು ಹೊಂದುತ್ತದೆ ಎಂದು ತಿಳಿಯುವ ತೊಂದರೆಯನ್ನು ನಾನು ತೆಗೆದುಕೊಂಡಿರಲಿಲ್ಲ. ಇವರು ಮಾಡುತ್ತಾರಲ್ಲ ಎಂದುಕೊಂಡು ಸಹಿ ಹಾಕಿದ್ದೆ.

ಗೌಡರು ಆ ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು. "ನಿಮ್ ಮೇಷ್ಟ್ರೇ ಕಳ್ಸವ್ರೆ ಅಂದ ಸಾ ಅವ್ನು. ಅದ್ಕೇ ಕೊಟ್ಟಿದ್ದು ನಾನು" ಎಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೆತ್ತಗೆ ಹೇಳಿದರು.

ಸಂಜೆ ಐದರವರೆಗೆ ಕೂತೆವು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮತ್ತೆ ಹೋದೆವು. ಮ್ಯಾನೇಜರ್ ಅದೇ ಸೋಮವಾರದ ಪಾಠ ಒಪ್ಪಿಸಿದ. ಈ ಸಲ ನಾನು ಎದ್ದು ನಿಂತು ಕಿರುಚಿದೆ: "ಕೊಡಲ್ಲ ಅಂತ ಬರೆದು ಸಹಿ ಹಾಕಿ. ಅದನ್ನ ಹಿಡಕೊಂಡು ನೇರ ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ." ಹೊರಗೆ ಪ್ರವೇಶಕ್ಕೆ ಬಂದಿದ್ದ ಪೋಷಕರೆಲ್ಲ ಬಾಗಿಲಿಗೆ ಬಂದು ನಿಂತರು. ಹತ್ತು ನಿಮಿಷದಲ್ಲಿ ಅಂಕಪಟ್ಟಿಗಳು ಮೇಜಿನ ಮೇಲಿದ್ದವು. ಊರಲ್ಲಿಲ್ಲದ ಡೈರೆಕ್ಟರು ಒಳಗಿನ ಕೋಣೆಯಿಂದಲೇ ಕಳಿಸಿದ್ದರು!

ಬಾಡಿಗೆ ಕಾರು ಹಿಡಿದು ಓಡಿದೆವು. ಮೈಸೂರು ದಾಟುವಾಗಲೇ ಎರಡೂವರೆ. ಪಾಲಿಟೆಕ್ನಿಕ್ ತಲುಪಿದಾಗ ಐದಾಗಲು ಹತ್ತು ನಿಮಿಷ. ಭವ್ಯ ಬೆಳಗಿನಿಂದ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಒಳಗಿದ್ದ ಅಧಿಕಾರಿ ಒಳ್ಳೆಯವರು, ಕಂಪ್ಯೂಟರ್ ಪರದೆ ತಿರುಗಿಸಿ ತೋರಿಸಿದರು. ನಾಲ್ಕಕ್ಕೇ ಪ್ರವೇಶದ ಪಟ್ಟಿ ಲಾಕ್ ಆಗಿತ್ತು.

ಭವ್ಯ ಅಳಲಿಲ್ಲ. "ಒಂದ್ ಮಾತು ನನ್ನ ಕೇಳ್ಬೋದಿತ್ತಲ್ವಾ?" ಎಂದಳು. ತಂದೆಗೋ ನನಗೋ ತಿಳಿಯಲಿಲ್ಲ. ಇಬ್ಬರಿಗೂ ಇರಬೇಕು.

ಆ ವರ್ಷ ಅವಳು ಒಂದು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದಳು. ಬೆಳಿಗ್ಗೆ ಅವಳನ್ನು ಅಲ್ಲಿಗೆ ಬಿಡುತ್ತಿದ್ದವರು ಗೌಡರೇ. ಮುಂದಿನ ವರ್ಷ ಪಾಲಿಟೆಕ್ನಿಕ್ ಸೇರಿದಳು. ಈಗ ಒಣಗಿದ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಯಂತ್ರಗಳ ಉಸ್ತುವಾರಿ ಅವಳದು. "ಎಲ್ಲ ಒಳ್ಳೆಯದೇ ಆಯ್ತಲ್ಲ ಬಿಡಿ" ಎನ್ನುವ ಗೆಳೆಯರಿದ್ದಾರೆ. ಆ ಮಾತು ಕೇಳಿದರೆ ನನಗೆ ರೇಗುತ್ತದೆ. ಹದಿನೆಂಟರ ಹುಡುಗಿಯ ಒಂದು ವರ್ಷವನ್ನು ನಾವು ಮೂರು ಮಂದಿ ಗಂಡಸರು ಸೇರಿ ತಿಂದೆವು. ಒಬ್ಬ ದುರಾಸೆಯಿಂದ, ಒಬ್ಬ ಭಯದಿಂದ, ನಾನು ಸೋಮಾರಿತನದಿಂದ.

ಕೊನೆಯ ಎರಡು ವರ್ಷ ಯಾವ ಪ್ರತಿನಿಧಿಯನ್ನೂ ಗೇಟಿನ ಒಳಗೆ ಬಿಡಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಎದುರು ಕೂರಿಸಿಕೊಂಡು, ನಿನಗೆ ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಯಾವುದನ್ನು ಕಂಡರೆ ಹೆದರಿಕೆ ಎಂದು ಕೇಳಿದೆ. ಒಬ್ಬರಿಗೆ ಅರ್ಧ ಗಂಟೆ ಸಾಕಾಗುತ್ತಿತ್ತು. ಈಗಲೂ ಪೋಷಕರು ಫೋನ್ ಮಾಡುತ್ತಾರೆ: "ಒಳ್ಳೇ ಕಾಲೇಜ್ ಯಾವ್ದು ಸಾರ್?" ನನಗೆ ಗೊತ್ತಿಲ್ಲ ಎನ್ನುತ್ತೇನೆ. ಫೋನನ್ನು ಮಗುವಿನ ಕೈಗೆ ಕೊಡಿ ಎನ್ನುತ್ತೇನೆ.